ದಿನಬಳಕೆಯ ಗಣಕವೂ ಮುಕ್ತ ತಂತ್ರಾಂಶದ ಆಯ್ಕೆಯೂ

ಗಣಕಯಂತ್ರವನ್ನು ಕೊಳ್ಳುವವರಲ್ಲಿ ಬಹುಮಂದಿ ಅದರ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ಯಂತ್ರದ ಅಂಗಾಂಗಗಳನ್ನೆಲ್ಲ ಹದ್ದುಬಸ್ತಿನಲ್ಲಿಟ್ಟು ಉಳಿದ ತಂತ್ರಾಂಶಗಳಿಗೆ ನೆಲೆಯಾಗಿ ನಿಲ್ಲುವ ಮೂಲ ತಂತ್ರಾಂಶವನ್ನು, ತಾವಾಗಿ ಆರಿಸಿಕೊಂಡವರಲ್ಲ. ಅಂಗಡಿಯಿಂದ ಬರುವಾಗ ಒಳಗೆ ಏನಿತ್ತೋ ಅದೇ ಕಡೆಯತನಕವೂ ಇರುತ್ತದೆ. ಅದನ್ನು ಬದಲಿಸಬಹುದೆಂಬ ಸಂಗತಿಯೇ ಎಷ್ಟೋ ಜನಕ್ಕೆ ತಿಳಿದಿರುವುದಿಲ್ಲ. ಹೀಗಿರುವಲ್ಲಿ, ಯಾವ ಅಂಗಡಿಯ ಗಾಜಿನ ಕಪಾಟಿನಲ್ಲಿಯೂ ಕಾಣಿಸದ, ಯಾವ ಜಾಹೀರಾತಿನಲ್ಲಿಯೂ ಕೇಳಿಸದ, ಮಾರುವವನಿಗೆ ಒಂದು ಕಾಸಿನ ಲಾಭವನ್ನೂ ತಾರದ ಗ್ನೂ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಸ್ವಲ್ಪ ಮಂದಿಯಾದರೂ ಹುಡುಕಿಕೊಂಡು ಹೋಗಿ, ತಂದು, ತಮ್ಮ ಯಂತ್ರಗಳಲ್ಲಿ ನೆಲೆಗೊಳಿಸಿಕೊಂಡು, ದಿನದಿನದ ಪತ್ರವ್ಯವಹಾರ, ಲೆಕ್ಕಪತ್ರ, ಓದು, ಬರಹ, ಸಂಗೀತಶ್ರವಣಗಳನ್ನೆಲ್ಲ ಅದರಲ್ಲಿಯೇ ನಡೆಸುತ್ತಿರುವುದು ವಿಚಾರಯೋಗ್ಯವಾದ ಸಂಗತಿ. ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಎಣಿಕೆಯಂತೆ ೨೦೨೪ರ ಆದಿಭಾಗದಲ್ಲಿ ಜಗತ್ತಿನ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳ ಬಳಕೆಯಲ್ಲಿ ಇದರ ಪಾಲು ಶೇಕಡಾ ೪ನ್ನು ದಾಟಿತು. ಅಲ್ಪಸಂಖ್ಯೆಯೆಂಬುದು ನಿಜ. ಆದರೆ ಜಗತ್ತಿನ ಅತಿವೇಗದ ೫೦೦ ಗಣಕಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದ ಐನೂರಕ್ಕೆ ಐನೂರೂ ಲಿನಕ್ಸಿನಿಂದಲೇ ನಡೆಯುತ್ತಿವೆ. ಆಂಡ್ರಾಯ್ಡ್ ಮೊಬೈಲಿನ ಒಳತಿರುಳೂ ಅದೇ. ಬೆಂಗಳೂರಿನ ತಂತ್ರಜ್ಞನೇ ಹಗಲೆಲ್ಲ ಕಚೇರಿಯಲ್ಲಿ ಲಿನಕ್ಸ್ ಸರ್ವರುಗಳ ಚಾಕರಿ ಮಾಡಿ ಸಂಜೆ ಮನೆಗೆ ಬಂದು ವಿಂಡೋಸ್ ತೆರೆದು ಕೂರುತ್ತಾನೆ. ಆದುದರಿಂದ ಸಾಮರ್ಥ್ಯದ ಪ್ರಶ್ನೆಯನ್ನು ಬದಿಗಿಡಬಹುದು. ನಾವು ವಿಚಾರಿಸತಕ್ಕದ್ದು ಎರಡು ವಿಷಯ: ಆರಿಸಿಕೊಂಡವರು ಏಕೆ ಆರಿಸಿಕೊಂಡರು, ಆರಿಸಿಕೊಂಡ ಮೇಲೆ ಏಕೆ ಉಳಿದರು. ಇವೆರಡಕ್ಕೂ ಉತ್ತರ ಒಂದೇ ಅಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಸ್ವಲ್ಪ ಪೂರ್ವವೃತ್ತಾಂತ. ತಂತ್ರಾಂಶವು ಮಾರಾಟದ ಸರಕಾದುದು ಬಹಳ ಹಿಂದಿನ ಮಾತೇನೂ ಅಲ್ಲ. ೧೯೬೯ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಯಂತ್ರಗಳ ಬೆಲೆಯಿಂದ ತಂತ್ರಾಂಶದ ಬೆಲೆಯನ್ನು ಬೇರ್ಪಡಿಸುವುದಾಗಿ ಪ್ರಕಟಿಸುವತನಕ ದೊಡ್ಡ ಗಣಕದೊಡನೆ ಅದನ್ನು ನಡೆಸುವ ಕ್ರಮವಿಧಿಗಳೂ ಸಾಮಾನ್ಯವಾಗಿ ಜತೆಯಲ್ಲಿಯೇ ಬರುತ್ತಿದ್ದವು. ಬಳಸುವವರು ಅವನ್ನು ತಿದ್ದಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದರು. ೧೯೭೬ರ ಫೆಬ್ರವರಿಯಲ್ಲಿ ಆಗಿನ್ನೂ ತರುಣರಾಗಿದ್ದ ಬಿಲ್ ಗೇಟ್ಸ್ ಹವ್ಯಾಸಿ ಗಣಕಪ್ರಿಯರನ್ನು ಉದ್ದೇಶಿಸಿ ಬರೆದ ಬಹಿರಂಗಪತ್ರದಲ್ಲಿ, ತಮ್ಮ ಬೇಸಿಕ್ ತಂತ್ರಾಂಶವನ್ನು ಹಣ ತೆರದೆ ನಕಲು ಮಾಡಿಕೊಳ್ಳುವುದು ಕಳವೆಂದು ದೂರಿದರು. ಆ ದೂರಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ದುಡಿದವನಿಗೆ ಕೂಲಿ ಬೇಡವೆ? ಆದರೆ ಆ ನ್ಯಾಯದ ಬೆನ್ನಿಗೇ ಮತ್ತೊಂದು ಕಟ್ಟುಪಾಡು ರೂಢಿಗೆ ಬಂದಿತು. ಯಂತ್ರಕ್ಕೆ ಮಾತ್ರ ತಿಳಿಯುವ ರೂಪದಲ್ಲಿ ತಂತ್ರಾಂಶವನ್ನು ಗಿರಾಕಿಯ ಕೈಗಿಟ್ಟು, ಮನುಷ್ಯರು ಓದಿ ತಿದ್ದಬಲ್ಲ ಆಕರಸಂಕೇತವನ್ನು ತಯಾರಕನು ಗುಪ್ತವಾಗಿ ಇರಿಸಿಕೊಳ್ಳತೊಡಗಿದನು.

ಈ ಗೋಪ್ಯವು ಮನಸ್ಸಿಗೆ ನಾಟಿದವರಲ್ಲಿ ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಪ್ರಮುಖರು. ಅಲ್ಲಿಯ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಾಗ ಕಾಯುತ್ತಿದ್ದವರೆಲ್ಲರ ಪರದೆಯ ಮೇಲೂ ಸೂಚನೆ ಮೂಡುವಂತೆ ಅವರು ತಂತ್ರಾಂಶವನ್ನು ತಿದ್ದಿಕೊಂಡಿದ್ದರು. ಆಮೇಲೆ ಬಂದ ಝೆರಾಕ್ಸ್ ಲೇಸರ್ ಮುದ್ರಕದೊಡನೆ ಆಕರಸಂಕೇತ ಬರಲಿಲ್ಲ. ಅದನ್ನು ಬಲ್ಲ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರಲ್ಲಿಗೆ ಹೋಗಿ ಕೇಳಿದಾಗ, ಯಾರಿಗೂ ತೋರಿಸುವುದಿಲ್ಲವೆಂದು ಸಂಸ್ಥೆಗೆ ಬರೆದುಕೊಟ್ಟಿದ್ದೇನೆ ಎಂಬ ಉತ್ತರ ದೊರೆಯಿತು. ಕಾಗದ ಸಿಕ್ಕಿಕೊಳ್ಳುವುದೆಂಬಷ್ಟು ಕ್ಷುದ್ರವಾದ ತೊಂದರೆಯನ್ನೂ, ಬಲ್ಲವನಿದ್ದು, ಬಿಡುವಿದ್ದು, ಸರಿಪಡಿಸಲಾಗದ ಈ ಸ್ಥಿತಿಯ ಅಸಂಗತತೆ ಅವರನ್ನು ಬಹುದೂರ ಕೊಂಡೊಯ್ದಿತು. ೧೯೮೩ರ ಸೆಪ್ಟೆಂಬರ್ ೨೭ರಂದು ಅವರು ಗ್ನೂ ಎಂಬ ಸಂಪೂರ್ಣ ಸ್ವತಂತ್ರ ವ್ಯವಸ್ಥೆಯೊಂದನ್ನು ರಚಿಸುವುದಾಗಿ ಸಾರಿದರು, ೧೯೮೫ರಲ್ಲಿ ಅದಕ್ಕಾಗಿ ಒಂದು ಪ್ರತಿಷ್ಠಾನವನ್ನು ಕಟ್ಟಿದರು, ೧೯೮೯ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಪತ್ರವನ್ನು ಹೊರತಂದರು.

ಸ್ಟಾಲ್ಮನ್ನರ ಜಾಣ್ಮೆಯನ್ನು ಕಾಣಬೇಕಾದರೆ ಅವರು ಬರೆದ ಕ್ರಮವಿಧಿಗಳಿಗಿಂತ ಮೊದಲು ಆ ಪರವಾನಗಿಯನ್ನು ಓದಬೇಕು. ನಕಲು ಮಾಡದಂತೆ ತಡೆಯುವುದಕ್ಕೆಂದು ಹುಟ್ಟಿದ ಕೃತಿಸ್ವಾಮ್ಯದ ಕಾನೂನನ್ನೇ ಅವರು ನಕಲಿನ ರಕ್ಷಣೆಗೆ ನಿಲ್ಲಿಸಿದರು. ಈ ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸಿ, ಒಳಗನ್ನು ಓದಿ, ಬೇಕಾದಂತೆ ತಿದ್ದಿ, ಬೇಕಾದವರಿಗೆ ಹಂಚಿ, ಬೇಕಾದರೆ ಮಾರಿ. ಆದರೆ ಹಂಚುವಾಗ ಆಕರಸಂಕೇತವನ್ನೂ ಇವೇ ಹಕ್ಕುಗಳನ್ನೂ ಮುಂದಿನವನಿಗೆ ತಪ್ಪದೆ ಕೊಡತಕ್ಕದ್ದು ಎಂದು ಅದು ವಿಧಿಸುತ್ತದೆ. ಒಬ್ಬನು ಬಿಟ್ಟುಕೊಟ್ಟುದನ್ನು ಇನ್ನೊಬ್ಬನು ಬೇಲಿ ಹಾಕಿ ಸ್ವಂತ ಮಾಡಿಕೊಳ್ಳಲು ಇದರಿಂದ ಅವಕಾಶವಿಲ್ಲದಂತಾಯಿತು. ೧೯೯೧ರ ಆಗಸ್ಟ್ ೨೫ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ತಾನೊಂದು ಪುಟ್ಟ ವ್ಯವಸ್ಥೆಯನ್ನು ಬರಿಯ ಹವ್ಯಾಸಕ್ಕಾಗಿ ರಚಿಸುತ್ತಿರುವುದಾಗಿಯೂ ಅದು ಗ್ನೂವಿನಷ್ಟು ದೊಡ್ಡದಾಗುವಂಥದಲ್ಲವೆಂದೂ ಪ್ರಕಟಿಸಿ, ಮರುವರ್ಷ ಅದನ್ನು ಇದೇ ಪರವಾನಗಿಯ ಕೆಳಗೆ ತಂದಾಗ, ಸ್ಟಾಲ್ಮನ್ ಕಟ್ಟಿದ ಮನೆಗೆ ಇಲ್ಲದಿದ್ದ ತಿರುಳು ದೊರೆತಂತಾಯಿತು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್, ಅದರ ಆಧಾರದ ಮೇಲೆ ೨೦೦೪ರ ಅಕ್ಟೋಬರಿನಲ್ಲಿ ಹೊರಟ ಉಬುಂಟು, ಉಬುಂಟುವಿನ ಆಧಾರದ ಮೇಲೆ ೨೦೦೬ರಲ್ಲಿ ಹೊರಟ ಮಿಂಟ್, ಬೇರೆ ವಂಶದ ಫೆಡೋರಾ ಮೊದಲಾದವೆಲ್ಲ ಗ್ನೂ, ಲಿನಕ್ಸ್ ಎರಡರ ಸಂಯೋಗದಿಂದ ಬೆಳೆದ ಕವಲುಗಳು. ನಮ್ಮ ದೇಶಕ್ಕೆ ಇವು ತೊಂಬತ್ತರ ದಶಕದಲ್ಲಿ ಪಿ.ಸಿ. ಕ್ವೆಸ್ಟ್ ಪತ್ರಿಕೆಯೊಡನೆ ಬಂದ ಸಿ.ಡಿ.ಗಳ ಮೂಲಕವೂ, ಆಮೇಲೆ ಉಬುಂಟುವಿನವರು ಅಂಚೆವೆಚ್ಚವನ್ನೂ ಕೇಳದೆ ಕಳುಹಿಸುತ್ತಿದ್ದ ತಟ್ಟೆಗಳ ಮೂಲಕವೂ ಕಾಲಿಟ್ಟವು. ಬೆಂಗಳೂರಿನಲ್ಲಿ ೨೦೦೧ರಿಂದ ಲಿನಕ್ಸ್ ಸಮ್ಮೇಳನಗಳೇ ನಡೆದವು; ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕದಲ್ಲಿಯೂ ಲಿನಕ್ಸೇ ಇದ್ದಿತು.

ಏಕೆ ಆರಿಸಿಕೊಂಡಿರಿ ಎಂದು ಕೇಳಿದರೆ ಎಲ್ಲರ ಬಾಯಿಯಲ್ಲಿಯೂ ಮೊದಲು ಬರುವ ಉತ್ತರ ಬೆಲೆಯದು: ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯೂರೋಪು ಅಮೆರಿಕಗಳಲ್ಲಿ ಈ ಮಾತಿಗೆ ಎಷ್ಟು ತೂಕವೋ ಕಾಣೆ. ನಮ್ಮ ಬೀದಿಯಲ್ಲಂತೂ ಇದರಷ್ಟು ಹಗುರವಾದ ಕಾರಣ ಇನ್ನೊಂದಿಲ್ಲ. ಬಿಡಿಭಾಗಗಳನ್ನು ಕೊಂಡು ಯಂತ್ರ ಜೋಡಿಸಿ ಕೊಡುತ್ತಿದ್ದವನು ಪರವಾನಗಿಯಿಲ್ಲದ ವಿಂಡೋಸನ್ನೂ, ಆಫೀಸನ್ನೂ, ಫೋಟೋಶಾಪನ್ನೂ ಗಿರಾಕಿ ಕೇಳುವ ಮೊದಲೇ ತುಂಬಿಕೊಡುತ್ತಿದ್ದ ಕಾಲದಲ್ಲಿ, ಶೂನ್ಯಕ್ಕೆ ಶೂನ್ಯವನ್ನು ಹೋಲಿಸಿ ಯಾರು ಆರಿಸಿಯಾರು? ಕಳವಿನ ಪ್ರತಿ ಸುಲಭವಾಗಿ ದೊರೆಯುತ್ತಿದ್ದುದೇ ನಮ್ಮ ನಾಡಿನಲ್ಲಿ ಮುಕ್ತ ತಂತ್ರಾಂಶದ ಅತಿದೊಡ್ಡ ಪ್ರತಿಸ್ಪರ್ಧಿಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಬೆಲೆಯ ವಾದಕ್ಕೆ ನಿಜವಾದ ಬಲ ಬರುವುದು ಕಳವು ಮಾಡಲಾರದವರ ವಿಷಯದಲ್ಲಿ, ಅಂದರೆ ಸರಕಾರ, ಶಾಲೆ, ಗ್ರಂಥಾಲಯಗಳ ವಿಷಯದಲ್ಲಿ. ಇದಕ್ಕೆ ಉತ್ತಮ ನಿದರ್ಶನ ನೆರೆಯ ಕೇರಳ. ಅಲ್ಲಿಯ ಶಾಲೆಗಳಲ್ಲಿ ೨೦೦೧ರಲ್ಲಿ ಮೊದಲಾದ ಐ.ಟಿ. ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಗ್ನೂ ಲಿನಕ್ಸಿಗೆ ಹೊರಳಿತು. ಉಪಾಧ್ಯಾಯರಿಗೆ ಅದರಲ್ಲಿಯೇ ತರಬೇತಿ, ಮಕ್ಕಳಿಗೆ ಅದರಲ್ಲಿಯೇ ಪಾಠ, ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲಿಯೇ ಎಂದಾಯಿತು. ೨೦೧೯ರಲ್ಲಿ ೨ ಲಕ್ಷಕ್ಕೂ ಮಿಕ್ಕ ಶಾಲಾಗಣಕಗಳಿಗೆ ಹೊಸ ಆವೃತ್ತಿಯನ್ನು ಅಳವಡಿಸುವಾಗ, ಇದರಿಂದ ಉಳಿಯುವ ಪರವಾನಗಿಯ ವೆಚ್ಚ ೩,೦೦೦ ಕೋಟಿ ರೂಪಾಯಿ ಎಂದು ಅಲ್ಲಿಯ ಅಧಿಕಾರಿಗಳು ಲೆಕ್ಕ ಹೇಳಿದರು. ಪಟ್ಟಿಯಲ್ಲಿ ನಮೂದಾದ ಬೆಲೆಯನ್ನೇ ತೆರುತ್ತಿದ್ದೆವೆಂದು ಭಾವಿಸಿ ಮಾಡಿದ ಲೆಕ್ಕವಿದು. ಮಾರುವವರು ಶಾಲೆಗಳಿಗೆ ತೋರಿಸುವ ರಿಯಾಯಿತಿಯನ್ನು ಕಳೆದರೆ ಮೊತ್ತ ಇಳಿಯುವುದು ಖಂಡಿತ. ನನಗೆ ಆ ಕೋಟಿಗಳಿಗಿಂತ ಹೆಚ್ಚಿನದಾಗಿ ತೋರುವುದು, ಪಠ್ಯಕ್ಕೆ ತಕ್ಕಂತೆ ವ್ಯವಸ್ಥೆಯನ್ನೇ ತಿದ್ದಿ, ಮಲಯಾಳದ ಅಕ್ಷರಗಳನ್ನೂ ಗಣಿತ ಭೂಗೋಳಗಳ ಸಾಧನಗಳನ್ನೂ ಅದರಲ್ಲಿ ಸೇರಿಸಿ, ಪ್ರತಿಯೊಂದು ಶಾಲೆಗೂ ಹಂಚಿದ ಕೆಲಸ. ಯಾರ ಅನುಮತಿಯನ್ನೂ ಬೇಡದೆ ಮಾಡಿದ ಕೆಲಸ. ನಮ್ಮ ರಾಜ್ಯದಲ್ಲಿಯೂ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ ಉಬುಂಟು ಬಳಕೆಯಾದುದುಂಟು. ಅದು ತರಬೇತಿಯನ್ನು ದಾಟಿ ಪರೀಕ್ಷೆಯ ತನಕ ಹೋಗಲಿಲ್ಲ. ಪರೀಕ್ಷೆಯಲ್ಲಿಲ್ಲದುದು ನಮ್ಮ ಶಾಲೆಗಳಲ್ಲಿ ಎಷ್ಟು ದಿನ ಉಳಿಯುತ್ತದೆಂಬುದನ್ನು ಬಲ್ಲವರೇ ಬಲ್ಲರು.

ಇನ್ನು ಮನೆಯ ಗಣಕಕ್ಕೆ ಬರೋಣ. ಜನರನ್ನು ಬಾಗಿಲ ತನಕ ಕರೆತರುವುದು ಸಾಮಾನ್ಯವಾಗಿ ಒಂದು ಕಿರುಕುಳ: ಯಂತ್ರ ನಿಧಾನವಾಯಿತು, ವೈರಸ್ ತಗುಲಿತು, ಬೇಡದ ಜಾಹೀರಾತು ಪರದೆಯ ಮೂಲೆಯಲ್ಲಿ ಇಣುಕಿತು, ಅವಸರದ ಹೊತ್ತಿನಲ್ಲಿ ತಿದ್ದುಪಡಿಗಳು ಆರಂಭವಾಗಿ ಯಂತ್ರ ಅರ್ಧ ಗಂಟೆ ಕೈಗೆ ಸಿಗದೆ ಹೋಯಿತು. ಒಳಗೆ ಬಂದವರನ್ನು ಉಳಿಸಿಕೊಳ್ಳುವುದು ಬೇರೆ. ಅದನ್ನು ವಿವರಿಸಲು ನಮ್ಮ ಕರಾವಳಿಯ ಹಳೆಯ ಭೂವ್ಯವಸ್ಥೆಯನ್ನು ನೆನೆಯಬೇಕಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯ ಒಕ್ಕಲುತನಗಳಿದ್ದವು. ಮೂಲಗೇಣಿಯ ಒಕ್ಕಲು ಗೊತ್ತಾದ ಗೇಣಿಯನ್ನು ಸಲ್ಲಿಸುತ್ತಿರುವವರೆಗೆ ತಲೆತಲಾಂತರವಾಗಿ ನೆಲವನ್ನು ಅನುಭವಿಸುತ್ತಿದ್ದನು; ಚಾಲಗೇಣಿಯವನ ಅನುಭವ ಧಣಿಯ ಮನಸ್ಸಿರುವವರೆಗೆ ಮಾತ್ರ. ಹಣ ತೆತ್ತು ಕಾರ್ಯಾಚರಣ ವ್ಯವಸ್ಥೆಯನ್ನು ತಂದವನು ತಾನದನ್ನು ಕೊಂಡೆನೆಂದು, ಕಡಮೆಯೆಂದರೆ ಮೂಲಗೇಣಿಯಾದರೂ ಕೈಸೇರಿತೆಂದು ತಿಳಿದಿರುತ್ತಾನೆ. ಯಾರೂ ಓದದ ಆ ಒಪ್ಪಂದಪತ್ರವನ್ನು ಓದಿದರೆ ಅದು ಚಾಲಗೇಣಿ. ಮಾರಿಲ್ಲ, ಬಳಸಲು ಅನುಮತಿ ಕೊಟ್ಟಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಯಾವಾಗ ಏನು ಬದಲಾಗಬೇಕು, ಯಾವುದು ಉಳಿಯಬೇಕು, ಯಾವ ದಿನದಿಂದ ನಿಮ್ಮ ಯಂತ್ರ ಮುದುಕಾಯಿತೆಂದು ಎಣಿಸಬೇಕು ಎಂಬುದೆಲ್ಲ ಧಣಿಯ ನಿರ್ಣಯ.

ಒಂದೇ ಕಾಲದಲ್ಲಿ ಎರಡು ಕಡೆ ನಡೆದ ಒಂದೇ ಬಗೆಯ ಪ್ರಸಂಗವನ್ನು ಹೋಲಿಸಿ ನೋಡಿದರೆ ಈ ಭೇದ ಕಣ್ಣಿಗೆ ಕಟ್ಟುತ್ತದೆ. ೨೦೧೨ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೮ ಪರದೆಯ ಎಡಮೂಲೆಯಲ್ಲಿ ೧೯೯೫ರಿಂದ ಇದ್ದ ಸ್ಟಾರ್ಟ್ ಗುಂಡಿಯನ್ನು ಕಿತ್ತುಹಾಕಿ, ಬೆರಳಿನಿಂದ ಮುಟ್ಟುವ ಪರದೆಗಳಿಗಾಗಿ ಕಲ್ಪಿಸಿದ ಬಣ್ಣದ ಚೌಕಗಳನ್ನು ಇಲಿಯನ್ನು ಹಿಡಿದು ಕುಳಿತವರ ಮುಂದೆಯೂ ಹರಡಿತು. ಜನ ಗೊಣಗಿದರು. ಗುಂಡಿ ಮರಳಿ ಬಂದದ್ದು ಒಂದು ವರ್ಷದ ಮೇಲೆ. ಹಳೆಯ ಪಟ್ಟಿ ಮರಳಿದ್ದು ೨೦೧೫ರಲ್ಲಿ. ಅಷ್ಟರತನಕ ಗೊಣಗುವುದಲ್ಲದೆ ಬೇರೆ ಉಪಾಯ ಕಡಮೆ. ಲಿನಕ್ಸ್ ಜಗತ್ತಿನಲ್ಲಿಯೂ ಇಂಥದೇ ಅವಿವೇಕವೊಂದು, ಅವಿವೇಕವೆನ್ನುವುದು ನನ್ನ ಅಭಿರುಚಿಯ ಮಾತು, ೨೦೧೧ರ ಏಪ್ರಿಲಿನಲ್ಲಿ ನಡೆಯಿತು. ಗ್ನೋಮ್ ಎಂಬ ಮೇಜಿನ ರೂಪವನ್ನು ರಚಿಸುತ್ತಿದ್ದವರು ಅದರ ಮೂರನೆಯ ಆವೃತ್ತಿಯಲ್ಲಿ ಹಳೆಯ ವಿನ್ಯಾಸವನ್ನೆಲ್ಲ ಬಿಟ್ಟುಕೊಟ್ಟರು. ಅಲ್ಲಿಯೂ ಜನ ಗೊಣಗಿದರು. ಆದರೆ ಅರ್ಜೆಂಟೀನಾದ ಒಬ್ಬ ಬಳಕೆದಾರ, ಎರಡನೆಯ ಆವೃತ್ತಿಯ ಆಕರಸಂಕೇತ ಎಲ್ಲರ ಕೈಯಲ್ಲಿಯೂ ಇದೆಯಷ್ಟೆ ಎಂದು, ಅದನ್ನು ತೆಗೆದುಕೊಂಡು ಮಾಟೆ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದ. ಮಿಂಟಿನವರು ಹೊಸದರ ಒಳಗನ್ನು ಇಟ್ಟುಕೊಂಡು ಹಳೆಯ ಮುಖವನ್ನು ತೊಡಿಸಿ ಸಿನಮನ್ ಎಂಬುದನ್ನು ಹೊರಡಿಸಿದರು. ಹೊಸದನ್ನು ಮೆಚ್ಚಿದವರು ಅಲ್ಲಿಯೇ ಉಳಿದರು. ಮೂರೂ ಇಂದಿಗೂ ಬದುಕಿವೆ.

ಮುಕ್ತ ತಂತ್ರಾಂಶವನ್ನು ರಚಿಸುವವರು ಸಂತರೆಂದು ಇದರಿಂದ ಯಾರೂ ತಿಳಿಯತಕ್ಕದ್ದಲ್ಲ. ೨೦೧೨ರ ಅಕ್ಟೋಬರಿನ ಉಬುಂಟುವಿನಲ್ಲಿ, ಬಳಸುವವನು ತನ್ನ ಯಂತ್ರದೊಳಗಿನ ಕಡತವನ್ನು ಹುಡುಕಲು ಬೆರಳಚ್ಚಿಸಿದ ಶಬ್ದ ಸಂಸ್ಥೆಯ ಸರ್ವರಿಗೆ ಹೋಗಿ, ಅಮೆಜಾನಿನ ಸರಕುಗಳ ಚಿತ್ರಗಳೊಡನೆ ಹಿಂದಿರುಗುತ್ತಿತ್ತು. ಸ್ಟಾಲ್ಮನ್ ಅದನ್ನು ಬೇಹುಗಾರಿಕೆಯೆಂದೇ ಕರೆದರು. ಆದರೆ ಏನು ನಡೆಯುತ್ತಿದೆಯೆಂಬುದು ಮುಚ್ಚುಮರೆಯಿಲ್ಲದೆ ತಿಳಿಯಿತು. ಅದನ್ನು ತೆಗೆದುಹಾಕುವ ಬಗೆ ಅಂದೇ ದೊರೆಯಿತು. ಸಾಲದವರು ತಮ್ಮ ಕಡತಗಳನ್ನು ಹೊತ್ತು ಬೇರೆ ಕವಲಿಗೆ ಹೋದರು. ೨೦೧೬ರ ಹೊತ್ತಿಗೆ ಅದು ತಾನಾಗಿ ನಡೆಯದಂತೆ ಆರಿಹೋಯಿತು. ಧಣಿ ತಪ್ಪುವುದು ಎರಡು ಕಡೆಯೂ ಉಂಟು. ಒಕ್ಕಲು ಎದ್ದು ಹೋಗಬಲ್ಲನೆ, ಹೋಗುವಾಗ ತನ್ನ ಬೆಳೆಯನ್ನು ಕೊಂಡೊಯ್ಯಬಲ್ಲನೆ ಎಂಬಲ್ಲಿ ವ್ಯತ್ಯಾಸ.

ಯಂತ್ರ ಮುದುಕಾಯಿತೆಂದು ಎಣಿಸುವ ಅಧಿಕಾರದ ಮಾತನ್ನೆತ್ತಿದೆನಷ್ಟೆ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ರಕ್ಷಣೆ ಮುಗಿಯಿತು. ಮುಂದಿನದಾದ ವಿಂಡೋಸ್ ೧೧, ಯಂತ್ರದೊಳಗೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಅಂಗವೂ ಇತ್ತೀಚಿನ ಸಂಸ್ಕಾರಕವೂ ಇಲ್ಲದಿದ್ದರೆ ಅಧಿಕೃತವಾಗಿ ಒಳಗೆ ಬರಲೊಲ್ಲದು. ಭದ್ರತೆಯ ದೃಷ್ಟಿಯಿಂದ ಆ ನಿಯಮಕ್ಕೆ ಸಮರ್ಥನೆಯಿಲ್ಲವೆಂದಲ್ಲ. ಆದರೆ ಪರದೆ ಸರಿಯಾಗಿರುವ, ಕೀಲಿಮಣೆ ಸವೆಯದ, ಮಗಳ ಶಾಲೆಯ ಕೆಲಸಕ್ಕೂ ತಂದೆಯ ಬ್ಯಾಂಕಿನ ಕೆಲಸಕ್ಕೂ ಸಾಕಾಗಿದ್ದ ಲ್ಯಾಪ್‌ಟಾಪು ಒಂದು ಪಂಚಾಂಗದ ದಿನದಂದು ಅಪಾಯಕಾರಿಯಾಗಿಬಿಡುವುದೆಂದರೆ ಗೃಹಸ್ಥನಿಗೆ ಅರ್ಥವಾಗುವುದು ಕಷ್ಟ. ಇಂಥ ಯಂತ್ರಗಳ ಕೈಹಿಡಿಯುವುದರಲ್ಲಿ ಲಿನಕ್ಸಿಗೆ ಸಮನಾದುದಿಲ್ಲ. ಮಿಂಟಿನವರು ಕೇಳುವುದು ೨ ಜಿ.ಬಿ. ಸ್ಮೃತಿ, ಸುಖವಾಗಿ ನಡೆಯಲು ೪ ಜಿ.ಬಿ.

ಅದನ್ನು ಪರೀಕ್ಷಿಸಿ ನೋಡುವ ಬಗೆಯೂ ಸೊಗಸಾದುದು. ಇಳಿಸಿಕೊಂಡ ಕಡತವನ್ನು ಪೆನ್‌ಡ್ರೈವಿಗೆ ಬರೆದು, ಅದನ್ನು ಯಂತ್ರದ ಪಕ್ಕೆಗೆ ಸಿಕ್ಕಿಸಿ, ಯಂತ್ರವು ಎಚ್ಚರಗೊಳ್ಳುವ ಕ್ಷಣದಲ್ಲಿ ಎಫ್ ೧೨ ಅಥವಾ ಆಯಾ ತಯಾರಕನು ಗೊತ್ತುಮಾಡಿದ ಕೀಲಿಯನ್ನು ಒತ್ತಿ ಹಿಡಿದರೆ, ಎಲ್ಲಿಂದ ಎಬ್ಬಿಸಲಿ ಎಂದು ಒಂದು ಕಪ್ಪು ಪರದೆ ಕೇಳುತ್ತದೆ. ಪೆನ್‌ಡ್ರೈವನ್ನು ತೋರಿಸಿ ಒಂದೆರಡು ನಿಮಿಷ ಕಾದರೆ ಪೂರ್ತಿ ಸಜ್ಜಾದ ಮೇಜು ಮುಂದೆ ಬಂದು ನಿಲ್ಲುತ್ತದೆ: ಫೈರ್‌ಫಾಕ್ಸ್ ಇದೆ, ಲಿಬ್ರೆ ಆಫೀಸ್ ಇದೆ, ಪಕ್ಕದ ಮನೆಯ ವೈಫೈ ಹೆಸರುಗಳು ಮೂಲೆಯಲ್ಲಿ ಸಾಲಾಗಿ ನಿಂತಿವೆ. ಇಷ್ಟೆಲ್ಲ ನಡೆಯುವಾಗ ಒಳಗಿನ ಹಳೆಯ ವಿಂಡೋಸಿನ ಒಂದು ಅಕ್ಷರವೂ ಕದಲಿರುವುದಿಲ್ಲ. ಹಾಡು ಕೇಳಿಸುತ್ತದೆಯೆ, ಮುದ್ರಕ ಕಾಣಿಸುತ್ತದೆಯೆ, ಮಡಿಚಿ ತೆರೆದರೆ ಮತ್ತೆ ಎಚ್ಚರವಾಗುತ್ತದೆಯೆ ಎಂದು ನೋಡಿ, ಒಗ್ಗದಿದ್ದರೆ ಪೆನ್‌ಡ್ರೈವನ್ನು ಕಿತ್ತು ಯಂತ್ರವನ್ನು ಮತ್ತೆ ಹಚ್ಚಿದರಾಯಿತು. ಕೊಳ್ಳುವ ಮೊದಲು ಇಷ್ಟು ನಿಃಶಂಕವಾಗಿ ಪರೀಕ್ಷಿಸಬಹುದಾದ ಸರಕು ಪೇಟೆಯಲ್ಲಿ ಬೇರೆ ಯಾವುದಿದೆ?

ಭದ್ರತೆಯ ವಿಷಯವನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ಏಕೆಂದರೆ ಇಲ್ಲಿ ಹೇಳಲ್ಪಡುವುದರಲ್ಲಿ ಅರ್ಧ ಭಕ್ತಿಯ ಮಾತು. ಲಿನಕ್ಸಿಗೆ ವೈರಸ್ ತಗುಲುವುದಿಲ್ಲವೆಂಬುದು ಸರಿಯಲ್ಲ. ಮನೆಯ ಬಳಕೆದಾರರು ಕಡಮೆಯಿರುವುದರಿಂದ ದುಷ್ಟರ ಕಣ್ಣು ಇತ್ತ ಅಷ್ಟಾಗಿ ಬಿದ್ದಿಲ್ಲವೆಂಬುದೂ, ಸಿಕ್ಕಸಿಕ್ಕ ತಾಣಗಳಿಂದ ತಂತ್ರಾಂಶ ತರದೆ ಪರಿಶೀಲಿತ ಭಂಡಾರದಿಂದಲೇ ತರುವ ರೂಢಿಯಿಂದ ಅಪಾಯ ಬಹಳ ತಗ್ಗುತ್ತದೆಂಬುದೂ ನಿಜ. ಎಲ್ಲರ ಕಣ್ಣಿಗೂ ತೆರೆದಿಟ್ಟುದನ್ನು ಎಲ್ಲರೂ ನೋಡುತ್ತಾರೆಂಬ ನಂಬಿಕೆಗಂತೂ ೨೦೧೪ರ ಏಪ್ರಿಲಿನಲ್ಲಿ ದೊಡ್ಡ ಪೆಟ್ಟು ಬಿದ್ದಿತು: ಓಪನ್ ಎಸ್.ಎಸ್.ಎಲ್. ಎಂಬ ತಂತ್ರಾಂಶದಲ್ಲಿದ್ದ, ಹಾರ್ಟ್‌ಬ್ಲೀಡ್ ಎಂದು ಹೆಸರಾದ ದೋಷ ಎರಡು ವರ್ಷ ಬಟ್ಟಬಯಲಿನಲ್ಲಿ ಯಾರಿಗೂ ಕಾಣಿಸದೆ ಬಿದ್ದಿತ್ತು. ೨೦೨೪ರ ಮಾರ್ಚಿನಲ್ಲಿ ನಡೆದುದು ಇದಕ್ಕೂ ವಿಚಿತ್ರ. ಎಕ್ಸ್‌ಝಡ್ ಎಂಬ ಪುಟ್ಟ ಸಂಕೋಚನ ತಂತ್ರಾಂಶವನ್ನು ಒಬ್ಬನೇ ಸ್ವಯಂಸೇವಕ ದಣಿದು ನೋಡಿಕೊಳ್ಳುತ್ತಿದ್ದ. ಕಲ್ಪಿತನಾಮದ ಯಾರೋ ಎರಡು ವರ್ಷಕ್ಕೂ ಮಿಕ್ಕಿ ನೆರವಾಗುತ್ತ ವಿಶ್ವಾಸ ಸಂಪಾದಿಸಿ, ಅದರಲ್ಲಿ ಕಳ್ಳಬಾಗಿಲೊಂದನ್ನು ಇರಿಸಿದರು. ಅದನ್ನು ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್. ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ ದೂರದಿಂದ ಪ್ರವೇಶಿಸುವ ಕ್ರಿಯೆ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂದಿತು. ಆಕರಸಂಕೇತ ಕೈಗೆಟುಕುವಂತೆ ಇದ್ದುದರಿಂದ ಆ ಅನುಮಾನವನ್ನು ಬೇರುಮಟ್ಟ ಹಿಂಬಾಲಿಸಿದರು. ಅವರಿಗೆ ಸಂಬಳ ಕೊಡುತ್ತಿದ್ದುದು ಮೈಕ್ರೋಸಾಫ್ಟ್ ಎಂಬುದನ್ನು ಕೇಳಿ ನಗು ಬಾರದಿರದು. ಈ ಪ್ರಸಂಗ ಮುಕ್ತತೆಯ ಗೆಲವೂ ಹೌದು, ದಣಿದ ಒಂಟಿ ದುಡಿಮೆಗಾರನ ಮೇಲೆ ಲೋಕವೆಲ್ಲ ಭಾರ ಹಾಕಿ ಕುಳಿತಿರುವುದರ ಸಾಕ್ಷಿಯೂ ಹೌದು.

ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಒಂದು ಕಾರಣವಿದೆ. ಅದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲು ಬರಹ, ನುಡಿ, ಶ್ರೀಲಿಪಿ ಮುಂತಾಗಿ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತಕ್ರಮವನ್ನು ಇಟ್ಟುಕೊಂಡಿದ್ದಿತು. ಒಂದರಲ್ಲಿ ಬರೆದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಕಾಣುತ್ತಿದ್ದುದು ಅಕ್ಷರಗಳ ರಣರಂಗ. ಯೂನಿಕೋಡ್ ಬಂದ ಮೇಲೆಯೂ ಕಷ್ಟ ತೀರಲಿಲ್ಲ, ಏಕೆಂದರೆ ಕನ್ನಡ ಲಿಪಿಯಲ್ಲಿ ಬರೆಯುವ ಕ್ರಮ ಬೇರೆ, ಉಚ್ಚರಿಸುವ ಕ್ರಮ ಬೇರೆ: ಸೂರ್ಯ ಎನ್ನುವಾಗ ಮೊದಲು ಉಚ್ಚಾರವಾಗುವ ರಕಾರವು ಯಕಾರದ ಮುಂದೆ ಅರ್ಕಾವೊತ್ತಾಗಿ ಕುಳಿತುಕೊಳ್ಳಬೇಕು, ರ‍್ಯಾಂಕ್ ಎನ್ನುವಾಗ ಅದೇ ರಕಾರ ಪೂರ್ಣವಾಗಿ ನಿಂತು ಯಕಾರವು ಅದರ ಕೆಳಗೆ ಇಳಿಯಬೇಕು. ಎರಡರಲ್ಲಿಯೂ ಇರುವ ಸಂಕೇತಗಳು ಅವೇ. ಭೇದವನ್ನು ಯಂತ್ರಕ್ಕೆ ತಿಳಿಸಲು ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಇಡಬೇಕಾಗುತ್ತದೆ, ಇಟ್ಟುದನ್ನು ಗುರುತಿಸಿ ಆಕಾರ ಕೊಡುವ ತಂತ್ರಾಂಶ ಬೇಕಾಗುತ್ತದೆ. ಮುಕ್ತ ಜಗತ್ತಿನಲ್ಲಿ ಈ ಕೆಲಸ ಮಾಡುವ ಹಾರ್ಫ್‌ಬಜ್ ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲೆಲ್ಲ ಇದೆ. ಅದರಲ್ಲಿ ಒತ್ತಕ್ಷರವೊಂದು ತಪ್ಪಿ ಕುಳಿತರೆ, ತಪ್ಪನ್ನು ಬಲ್ಲ ಕನ್ನಡಿಗನು ಎಲ್ಲಿ ತಪ್ಪಿತೆಂದು ಬರೆದು ತಿಳಿಸಬಹುದು. ಬಲ್ಲವನು ತಾನೇ ತಿದ್ದಿ ಕಳುಹಿಸಬಹುದು. ಒಮ್ಮೆ ತಿದ್ದಿದುದು ಎಲ್ಲ ಕಡೆಯೂ ಸರಿಹೋಗುತ್ತದೆ.

ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಡೆಬಿಯನ್ನಿನ ಭಂಡಾರದಲ್ಲಿಯೇ ಇವೆ. ಕೆ.ಪಿ. ರಾಯರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆಗಾಗಿ ಬೇರೆ ತಂತ್ರಾಂಶವನ್ನು ತರಬೇಕಾಗಿಲ್ಲ; ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ ಅದರ ಕೆಳಗಿನ ಕಗಪವನ್ನು ಗುರುತು ಮಾಡಿದರೆ ಮುಗಿಯಿತು. ಡೆಬಿಯನ್ನನ್ನು ಸ್ಥಾಪಿಸುವ ಕ್ರಮವನ್ನೇ ಕನ್ನಡದಲ್ಲಿ ನಡೆಸಬಹುದು. ಅನುವಾದಿಸಿದವರಲ್ಲಿ ಬಹುಮಂದಿ ರಾತ್ರಿಯ ಹೊತ್ತು, ರಜೆಯ ದಿನ ಕುಳಿತು ಮಾಡಿದವರು; ಅವರ ಶ್ರಮಕ್ಕೆ ನಮಸ್ಕಾರ ಮಾಡಿಯೂ, ಕೆಲವೆಡೆ ಆ ಕನ್ನಡ ಬಿಗಿದು ಕುಳಿತಿದೆಯೆಂದೂ, ಅರ್ಧ ಪಟ್ಟಿ ಕನ್ನಡದಲ್ಲಿದ್ದು ಉಳಿದರ್ಧ ಇಂಗ್ಲಿಷಿನಲ್ಲಿ ಉಳಿದಿರುವುದು ಓದುವವನನ್ನು ಮುಗ್ಗರಿಸುತ್ತದೆಂದೂ ಹೇಳದೆ ಗತಿಯಿಲ್ಲ. ಮಾರುಕಟ್ಟೆಯ ಎಣಿಕೆಗೆ ಬಾರದಷ್ಟು ಸಣ್ಣ ನುಡಿಸಮುದಾಯಗಳಿಗಂತೂ ಈ ದಾರಿಯೇ ದಾರಿ. ತುಳು-ತಿಗಳಾರಿ ಲಿಪಿ ೨೦೨೪ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ ೧೬ರೊಳಗೆ ಸೇರಿತು. ಅದಕ್ಕೆ ಅಕ್ಷರಶೈಲಿಯನ್ನೂ ಕೀಲಿಮಣೆಯನ್ನೂ ಮಾಡಿ ತನ್ನ ವ್ಯವಸ್ಥೆಯಲ್ಲಿ ಸೇರಿಸಿಕೊಳ್ಳಲು ಮಂಗಳೂರಿನ ಹುಡುಗನೊಬ್ಬನು ಅಮೆರಿಕದ ಯಾವ ಕಚೇರಿಯ ಕೃಪೆಯನ್ನೂ ಕಾಯಬೇಕಾಗಿಲ್ಲ.

ಆದರೆ ಕನ್ನಡವೇ ಎದುರು ದಿಕ್ಕಿಗೂ ಎಳೆಯುತ್ತದೆ. ನಮ್ಮ ಪುಸ್ತಕಗಳ ಅಕ್ಷರಜೋಡಣೆ ಇಂದಿಗೂ ಬಹುಮಟ್ಟಿಗೆ ವಿಂಡೋಸಿನಲ್ಲಿ, ಹಳೆಯ ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಸಂಕೇತಗಳಲ್ಲಿ ನಡೆಯುತ್ತಿದೆ. ಪೇಜ್‌ಮೇಕರಿನ ಕಡೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ. ಅದಕ್ಕೆ ಪ್ರತಿಯಾಗಿ ಮುಕ್ತ ಜಗತ್ತು ಕೊಡಬಲ್ಲ ಸ್ಕ್ರೈಬಸ್ಸಿನ ಸ್ಥಿರ ಆವೃತ್ತಿಗೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಶಕ್ತಿ ಬಂದದ್ದೇ ೨೦೨೪ರಲ್ಲಿ. ಇಪ್ಪತ್ತು ವರ್ಷದ ಕಡತಗಳನ್ನು ಹಳೆಯ ಸಂಕೇತದಲ್ಲಿ ಕೂಡಿಟ್ಟಿರುವ ಅಕ್ಷರಜೋಡಣೆಗಾರನಿಗೆ ಸ್ವಾತಂತ್ರ್ಯದ ಉಪನ್ಯಾಸ ಮಾಡಿ ಫಲವಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವನಿಗೂ, ಆಟೋಕ್ಯಾಡಿನಲ್ಲಿ ನಕ್ಷೆ ಎಳೆಯುವ ಎಂಜಿನಿಯರಿಗೂ ಇದೇ ಮಾತು ಸಲ್ಲುತ್ತದೆ. ಆಟಗಳನ್ನು ಆಡುವವರ ಕಷ್ಟ ಮಾತ್ರ ೨೦೧೮ರಲ್ಲಿ ವಾಲ್ವ್ ಸಂಸ್ಥೆ ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಪ್ರೋಟಾನನ್ನು ತಂದ ಮೇಲೆ ಬಹಳಷ್ಟು ನೀಗಿದೆ. ಹಣ ಹಾಕುವವರಿದ್ದರೆ ಅಡ್ಡಿಗಳು ಎಷ್ಟು ಬೇಗ ಕರಗುತ್ತವೆಂಬುದಕ್ಕೆ ಇದೊಂದು ದೃಷ್ಟಾಂತ.

ದೊಡ್ಡ ಪ್ರಮಾಣದಲ್ಲಿ ಆರಿಸಿಕೊಂಡವರ ಚರಿತ್ರೆಯಲ್ಲಿ ಜರ್ಮನಿಯ ಮ್ಯೂನಿಚ್ ನಗರದ್ದು ಪ್ರಸಿದ್ಧ. ೨೦೦೩ರಲ್ಲಿ ಅಲ್ಲಿಯ ನಗರಸಭೆ ಲಿನಕ್ಸಿಗೆ ಹೊರಳುವ ಯೋಚನೆಯಲ್ಲಿದ್ದಾಗ ಮೈಕ್ರೋಸಾಫ್ಟಿನ ಅಂದಿನ ಮುಖ್ಯಾಧಿಕಾರಿ ಸ್ಟೀವ್ ಬಾಲ್ಮರ್ ತಾವೇ ಬಂದು ಮೇಯರನ್ನು ಕಂಡರು. ಆದರೂ ನಗರಸಭೆ ನಿಶ್ಚಯ ಬದಲಿಸಲಿಲ್ಲ. ೨೦೧೩ರ ವೇಳೆಗೆ ಸುಮಾರು ೧೫,೦೦೦ ಗಣಕಗಳು ಲಿಮುಕ್ಸ್ ಎಂಬ ಸ್ವಂತ ಆವೃತ್ತಿಗೆ ಬಂದವು. ಮೇಯರು ಬದಲಾದರು, ನೌಕರರ ದೂರುಗಳು ಬೆಳೆದವು, ೨೦೧೭ರಲ್ಲಿ ನಗರಸಭೆ ವಿಂಡೋಸಿಗೆ ಹಿಂದಿರುಗಲು ನಿರ್ಣಯಿಸಿತು. ೨೦೨೦ರಲ್ಲಿ ಅಧಿಕಾರಕ್ಕೆ ಬಂದ ಹೊಸ ಮೈತ್ರಿಕೂಟ ಸಾಧ್ಯವಾದಲ್ಲೆಲ್ಲ ಮತ್ತೆ ಮುಕ್ತ ತಂತ್ರಾಂಶ ಎಂದಿತು. ಇದಕ್ಕೆ ಪ್ರತಿಯಾಗಿ ಫ್ರಾನ್ಸಿನ ಜಾಂದಾರ್ಮರಿ ಎಂಬ ಪೊಲೀಸುದಳವು ಸದ್ದಿಲ್ಲದೆ ನಡೆದುಕೊಂಡಿತು. ೨೦೦೫ರಲ್ಲಿ ಅವರು ವಿಂಡೋಸನ್ನು ಹಾಗೆಯೇ ಇಟ್ಟುಕೊಂಡು ಓಪನ್ ಆಫೀಸಿಗೆ ಬದಲಾದರು. ಆಮೇಲೆ ಬ್ರೌಸರು, ಮಿಂಚಂಚೆಗಳನ್ನು ಬದಲಿಸಿದರು. ನೌಕರರು ಕೈಯಾರೆ ಮುಟ್ಟುವುದೆಲ್ಲ ಹೊಸದಾಗಿ ರೂಢಿಯಾದ ಮೇಲೆ, ೨೦೦೮ರಿಂದ, ಕೆಳಗಿನ ನೆಲೆಯನ್ನು ಉಬುಂಟುವಾಗಿ ಮಾಡುತ್ತ ಹೋದರು. ಕಾಲಕ್ರಮದಲ್ಲಿ ೭೦,೦೦೦ಕ್ಕೂ ಮಿಕ್ಕ ಗಣಕಗಳು ಬದಲಾದವು. ಮನೆಯಲ್ಲಿ ಬದಲಿಸುವವರಿಗೂ ಈ ಕ್ರಮವೇ ಕ್ಷೇಮಕರ. ಮೊದಲು ವಿಂಡೋಸಿನಲ್ಲಿಯೇ ಲಿಬ್ರೆ ಆಫೀಸನ್ನೂ ಫೈರ್‌ಫಾಕ್ಸನ್ನೂ ರೂಢಿಸಿಕೊಂಡವನಿಗೆ ಕೆಳಗಿನ ನೆಲೆ ಬದಲಾದುದು ಹೆಚ್ಚುಕಡಮೆ ತಿಳಿಯುವುದೇ ಇಲ್ಲ.

ಕಲಿಯುವ ಆನಂದಕ್ಕಾಗಿ ಬರುವವರೂ ಉಂಟು. ಇಂಜಿನಿಯರಿಂಗ್ ಕಾಲೇಜುಗಳ ಹುಡುಗರಲ್ಲಿ ಇವರು ಹೆಚ್ಚು. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬರೆದು ಯಂತ್ರವನ್ನು ಮಾತಾಡಿಸುವುದರಲ್ಲಿ ಅವರಿಗೆ ದೊರೆಯುವ ಸುಖ ನಿಜವಾದುದೇ ಆದರೂ, ಅದನ್ನೇ ಎಲ್ಲರಿಗೂ ಬೋಧಿಸಹೊರಟು ಅವರು ಬರುವವರನ್ನು ಓಡಿಸುವುದೂ ಉಂಟು. ದಿನಬಳಕೆಗೆಂದು ಆರಿಸಿಕೊಂಡ ಗೃಹಿಣಿಯೋ ನಿವೃತ್ತ ನೌಕರನೋ ಆ ಕಪ್ಪು ಪರದೆಯನ್ನು ತೆರೆಯುವ ಸಂದರ್ಭ ಈಗ ವಿರಳ. ನಾನು ಕಂಡಮಟ್ಟಿಗೆ ಅಂಥವರ ಹಿಂದೆ ಸಾಮಾನ್ಯವಾಗಿ ಬಲ್ಲವನೊಬ್ಬನು ಇರುತ್ತಾನೆ, ಮಗನೋ, ಸೋದರಳಿಯನೋ, ಪಕ್ಕದ ಬೀದಿಯ ಉಪಾಧ್ಯಾಯನೋ. ಅವನು ಊರು ಬಿಟ್ಟರೆ ಒಂದೆರಡು ವರ್ಷದಲ್ಲಿ ಆ ಯಂತ್ರಕ್ಕೆ ಮತ್ತೆ ವಿಂಡೋಸ್ ಬಂದುಬಿಡುವುದೂ ಉಂಟು. ಇದು ತಂತ್ರಾಂಶದ ದೋಷವೆನ್ನಲಾಗದು. ವಿಂಡೋಸಿನವನಿಗೂ ಬಲ್ಲವನು ಬೇಕೇ ಬೇಕು. ಅವನಿಗೆ ಆ ಬಲ್ಲವನು ಪ್ರತಿಯೊಂದು ಪೇಟೆಯಲ್ಲಿಯೂ ಬೋರ್ಡು ಹಾಕಿಕೊಂಡು ಕುಳಿತಿರುತ್ತಾನೆ, ಅಷ್ಟೆ.

ಈಗ ವಿಂಡೋಸ್ ೧೦ರ ಯಂತ್ರಗಳು ಒಂದೊಂದಾಗಿ ತಾಲ್ಲೂಕು ಕೇಂದ್ರಗಳ ದುರಸ್ತಿಯಂಗಡಿಗಳಿಗೆ ಬರುತ್ತಿರುವಾಗ ಆ ಬೋರ್ಡಿನವನ ಬಾಯಿಯಲ್ಲಿ ಸಾಮಾನ್ಯವಾಗಿ ಎರಡೇ ಮಾತು: ಹೊಸದನ್ನು ಕೊಳ್ಳಿ, ಇಲ್ಲವೇ ಹೇಗೋ ಇದರಲ್ಲಿಯೇ ನಡೆಸಿ. ಮೂರನೆಯ ದಾರಿ ಅವನಿಗೆ ತಿಳಿಯದೆ ಇಲ್ಲ. ಪೆನ್‌ಡ್ರೈವೊಂದು ಅವನ ಮೇಜಿನ ಒಳಖಾನೆಯಲ್ಲಿ, ಕೆಟ್ಟ ಯಂತ್ರಗಳಿಂದ ಗಿರಾಕಿಗಳ ಫೋಟೋಗಳನ್ನು ಹೊರತೆಗೆಯುವುದಕ್ಕೆಂದೇ, ಲಿನಕ್ಸನ್ನು ತುಂಬಿಕೊಂಡು ಬಿದ್ದಿರುತ್ತದೆ. ಅದನ್ನೇ ಗಿರಾಕಿಯ ಯಂತ್ರಕ್ಕೆ ಹಾಕಿಕೊಟ್ಟರೆ ನಾಳೆ ಮುದ್ರಕ ಹಟ ಮಾಡಿದಾಗ, ಸರಕಾರದ ಯಾವುದೋ ತಾಣ ಸಹಿಯ ಟೋಕನನ್ನು ಒಪ್ಪದಿದ್ದಾಗ, ಗಿರಾಕಿಯು ತನ್ನ ಬಾಗಿಲಿಗೇ ಬಂದು ನಿಲ್ಲುವನೆಂಬ ಅಂಜಿಕೆ ದುರಸ್ತಿಗಾರನಿಗಿದೆ; ಆ ಅಂಜಿಕೆ ನಿರಾಧಾರವೂ ಅಲ್ಲ.